ಚೀಟಿ ಬರೆದ ಮೇಲಿನ ಖರ್ಚು

(ಶಾಲಾ ಆರೋಗ್ಯ ಸೇವೆ ಮತ್ತು ಸರ್ಕಾರಿ ಅನುದಾನ ಕುರಿತು ರಾಯಚೂರಿನಲ್ಲಿ ನಡೆದ ವಿಚಾರ ಸಂಕಿರಣದ ಆಶಯ ಭಾಷಣ)



ಶಾಲೆಯ ಅಂಗಳಕ್ಕೇ ದವಾಖಾನೆ ಬರಬೇಕೆಂಬ ವಿಚಾರ ಹೊಸದಲ್ಲ. ಬರೋಡಾದಲ್ಲಿ 1909ರಲ್ಲೇ ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆ ನಡೆದಿತ್ತು. 1960ರಲ್ಲಿ ಕೇಂದ್ರ ಸರ್ಕಾರ ರೇಣುಕಾ ರೇ ಅವರ ಅಧ್ಯಕ್ಷತೆಯಲ್ಲಿ ಇದಕ್ಕೆಂದೇ ಸಮಿತಿ ನೇಮಿಸಿತು. ನಮ್ಮ ರಾಜ್ಯದಲ್ಲಿ ಸುವರ್ಣ ಆರೋಗ್ಯ ಚೈತನ್ಯ ಯೋಜನೆ ಬಂತು. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ನಾವೆಲ್ಲ ಆರ್‌ಬಿಎಸ್‌ಕೆ ಎನ್ನುವುದು, ನಡೆಯುತ್ತಿದೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಹುಟ್ಟುದೋಷ, ಪೋಷಕಾಂಶದ ಕೊರತೆ, ಕಾಯಿಲೆ, ಕುಂಠಿತ ಬೆಳವಣಿಗೆ, ಹೀಗೆ ನಾಲ್ಕು ಗುಂಪುಗಳಲ್ಲಿ 30 ತೊಂದರೆಗಳನ್ನು ಗುರುತಿಸುವ ಯೋಜನೆ ಇದು. ಸಂಚಾರಿ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ನಮ್ಮ ಬಹುಪಾಲು ಸರ್ಕಾರಿ ಶಾಲೆಗಳಿಗೆ ಶಾಲಾ ದವಾಖಾನೆ ಎಂದರೆ ಈ ತಂಡವೇ.

ತಂಡದ ಗಾಡಿ ಶಾಲೆಗೆ ಬಂದ ದಿನ ಏನೇನಾಗುತ್ತದೆಂದು ಇಲ್ಲಿರುವ ಮೇಷ್ಟ್ರುಗಳಿಗೆ ಗೊತ್ತು. ಒಂದು ಕೋಣೆಯ ಬೆಂಚು ಸರಿಸಿ ತೂಕದ ಯಂತ್ರ ಇಡುತ್ತಾರೆ. ಗೋಡೆಗೆ ಕಣ್ಣಿನ ಪರೀಕ್ಷೆಯ ಪಟ್ಟಿ ತೂಗುಹಾಕುತ್ತಾರೆ. ಆಯುಷ್ ವೈದ್ಯರು ಕಣ್ಣಿನ ರೆಪ್ಪೆ ಬಿಡಿಸಿ ರಕ್ತಹೀನತೆ ನೋಡುತ್ತಾರೆ, ಬಾಯಿ ತೆರೆಸಿ ಹಲ್ಲು ನೋಡುತ್ತಾರೆ. ನಾಲ್ಕನೆಯ ತರಗತಿಯ ಒಬ್ಬ ಹುಡುಗನ ಸರದಿ ಬರುತ್ತದೆ ಎನ್ನಿ. ಹಿಂದಿನ ಸಾಲಿನಲ್ಲಿ ಕೂರುವವನು, ಕರೆದರೆ ತಿರುಗದವನು, ಪಾಠದಲ್ಲಿ ಮಂದ ಎನಿಸಿಕೊಂಡವನು. ಟಾರ್ಚ್ ಹಿಡಿದು ನೋಡಿದರೆ ಕಿವಿ ಸೋರುತ್ತಿರುತ್ತದೆ. ಅಷ್ಟು ದಿನ ಅವನಿಗೆ ಪಾಠ ಅರ್ಧಂಬರ್ಧ ಕೇಳಿಸಿದೆ, ಅಷ್ಟೇ. ವೈದ್ಯರು ಚೀಟಿ ಬರೆದು ತಾಲ್ಲೂಕು ಆಸ್ಪತ್ರೆಗೆ ಕಳಿಸುತ್ತಾರೆ, ಅಲ್ಲಿ ಆಗದಿದ್ದರೆ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ.

ನಮ್ಮ ಲೆಕ್ಕಪತ್ರದಲ್ಲಿ ಆ ಹುಡುಗ ಅಲ್ಲಿಗೆ ‘ತಪಾಸಣೆಯಾದವನು’. ಅವನ ಮನೆಯ ಲೆಕ್ಕ ಅಲ್ಲಿಂದ ಶುರು. ಚಿಕಿತ್ಸೆ ಉಚಿತ, ಶಕ್ತಿ ಯೋಜನೆಯಿಂದ ತಾಯಿಗೆ ಬಸ್ಸೂ ಪುಕ್ಕಟೆ. ಆದರೆ ಹೋದ ದಿನದ ಕೂಲಿ ಯಾರು ಕೊಡುತ್ತಾರೆ? ತಜ್ಞರು ಸಿಗದೆ ಮತ್ತೊಂದು ದಿನ ಬನ್ನಿ ಎಂದರೆ ಆ ಕೂಲಿಯೂ ಹೋಯಿತು. ಹತ್ತಿ ಬಿಡಿಸುವ ಕಾಲವಾದರೆ ಚೀಟಿ ಗೂಡಿನಲ್ಲೇ ಉಳಿಯುತ್ತದೆ. ಸಂಸಾರವೇ ಬೆಂಗಳೂರಿಗೆ ಗುಳೆ ಹೋಗಿದ್ದರೆ, ತಂಡ ಬಂದ ದಿನ ಆ ಮಗು ಶಾಲೆಯಲ್ಲೇ ಇರುವುದಿಲ್ಲ. ವರ್ಷಕ್ಕೊಂದೇ ಭೇಟಿ, ಅದು ತಪ್ಪಿದರೆ ತಪ್ಪಿದಂತೆಯೇ.

ಆದ್ದರಿಂದ ನನ್ನ ಒಂದೇ ವಾದ ಇದು: ಅನುದಾನ ಉಳಿಸಿಕೊಳ್ಳುವುದೆಂದರೆ ಯೋಜನೆಯ ಹೆಸರು ಉಳಿಸಿಕೊಳ್ಳುವುದಲ್ಲ, ಚೀಟಿ ಬರೆದ ಮೇಲಿನ ಖರ್ಚಿಗೆ ಹಣ ಉಳಿಸಿಕೊಳ್ಳುವುದು.

ಆರ್‌ಬಿಎಸ್‌ಕೆಯ ಹಣ ರಾಷ್ಟ್ರೀಯ ಆರೋಗ್ಯ ಅಭಿಯಾನದ ಮೂಲಕ ಬರುತ್ತದೆ. ಕೇಂದ್ರದ್ದು ಶೇ 60, ರಾಜ್ಯದ್ದು ಶೇ 40. ಸಿಬ್ಬಂದಿ ಬಹುತೇಕ ಗುತ್ತಿಗೆಯವರು, ಗಾಡಿ ಬಾಡಿಗೆಯದು. ಇಂಥ ಯೋಜನೆಯನ್ನು ಯಾರೂ ಆದೇಶ ಹೊರಡಿಸಿ ಮುಚ್ಚಬೇಕಾಗಿಲ್ಲ. ಬಾಡಿಗೆ ತಡವಾದರೆ ಗಾಡಿ ನಿಲ್ಲುತ್ತದೆ, ಖಾಲಿ ಹುದ್ದೆ ತುಂಬದಿದ್ದರೆ ತಂಡ ಒಡೆಯುತ್ತದೆ. ಹೆಣ್ಣುಮಕ್ಕಳಿಗೆ ಸ್ಯಾನಿಟರಿ ಪ್ಯಾಡ್ ಕೊಡುವ ನಮ್ಮ ‘ಶುಚಿ’ ಯೋಜನೆಯನ್ನೇ ನೋಡಿ. ಕೋವಿಡ್ ಕಾಲದಲ್ಲಿ ನಿಂತದ್ದು ಮತ್ತೆ ಶುರುವಾದದ್ದು 2024ರಲ್ಲಿ. ನಿಂತಾಗ ಏಳನೆಯ ತರಗತಿಯಲ್ಲಿದ್ದ ಹುಡುಗಿ ಅಷ್ಟರಲ್ಲಿ ಹೈಸ್ಕೂಲು ಮುಗಿಸಿದ್ದಳು.

ಕೇಳಿದರೆ ಸಿಗುತ್ತದೆ ಎಂಬುದಕ್ಕೂ ನಮ್ಮಲ್ಲೇ ಸಾಕ್ಷಿ ಇದೆ. ಬಿಸಿಯೂಟದಲ್ಲಿ ಮೊಟ್ಟೆ 2021ರ ಡಿಸೆಂಬರಿನಲ್ಲಿ ಮೊದಲು ಬಂದದ್ದು ರಾಯಚೂರೂ ಸೇರಿದಂತೆ ಈ ಭಾಗದ ಜಿಲ್ಲೆಗಳಿಗೆ. ಅಪೌಷ್ಟಿಕತೆಯ ಅಂಕಿ-ಅಂಶವನ್ನು ಮುಂದಿಟ್ಟೇ ಅದನ್ನು ಗೆದ್ದದ್ದು. ವಿರೋಧ ಬಂದರೂ ಅದು ನಿಲ್ಲಲಿಲ್ಲ, ಇಡೀ ರಾಜ್ಯಕ್ಕೆ ಹರಡಿತು. 2024ರಿಂದ ವಾರದ ಆರು ದಿನವೂ ಮೊಟ್ಟೆ ಇದೆ. ಅದರಲ್ಲಿ ನಾಲ್ಕು ದಿನದ ಖರ್ಚು ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನದು, ಒಪ್ಪಂದ ಮೂರು ವರ್ಷಕ್ಕೆ. ದಾನಿಗಳಿಗೆ ಕೃತಜ್ಞತೆ ಹೇಳೋಣ, ಆದರೆ ದಾನಕ್ಕೆ ಅವಧಿ ಇರುತ್ತದೆ. ಮಗುವಿನ ಹಕ್ಕಿಗೆ ಅಂಥ ಅವಧಿ ಇಲ್ಲ, ಅದು ಬಜೆಟ್ಟಿನಲ್ಲೇ ಇರಬೇಕು.

ನಮ್ಮ ಭಾಗಕ್ಕೆ ಹಣವೇ ಬಂದಿಲ್ಲವೆಂದಲ್ಲ. ಪ್ರಾದೇಶಿಕ ಅಸಮತೋಲನದ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲೇ ನಮ್ಮ ಜಿಲ್ಲೆಯ ದೇವದುರ್ಗ, ಮಾನ್ವಿಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತು. ಆ ಬಳಿಕ ಸಂವಿಧಾನದ 371(ಜೆ) ವಿಧಿ ಬಂತು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣ ಬಂತು. ಕಟ್ಟಡಕ್ಕೆ ಹಣ ಕೇಳುವುದು ಸುಲಭ, ಶಂಕುಸ್ಥಾಪನೆಗೆ ಕಲ್ಲು ಸಿಗುತ್ತದೆ. ನರ್ಸಿನ ಸಂಬಳಕ್ಕೆ, ಗಾಡಿಯ ಡೀಸೆಲ್ಲಿಗೆ ಶಂಕುಸ್ಥಾಪನೆ ಇಲ್ಲ. ಶಾಲಾ ಆರೋಗ್ಯದ ಜೀವ ಇರುವುದು ಈ ವರ್ಷವರ್ಷದ ಖರ್ಚಿನಲ್ಲೇ.

ಇವತ್ತಿನ ಗೋಷ್ಠಿಗಳ ಮುಂದೆ ಮೂರು ಕೆಲಸ ಇಡುತ್ತೇನೆ. ಒಂದು, ಎಷ್ಟು ಮಕ್ಕಳ ತಪಾಸಣೆಯಾಯಿತು ಎಂಬುದರ ಪಕ್ಕದಲ್ಲೇ ಎಷ್ಟು ಮಕ್ಕಳ ಚಿಕಿತ್ಸೆ ಪೂರ್ತಿಯಾಯಿತು ಎಂಬ ಲೆಕ್ಕವನ್ನು ತಾಲ್ಲೂಕುವಾರು ಪ್ರಕಟಿಸುವಂತೆ ಕೇಳೋಣ. ಎರಡು, ಗುಳೆ ಹೋದವರು ಮರಳಿದ ಮೇಲೆ ಇನ್ನೊಂದು ಭೇಟಿ, ಚೀಟಿ ಹಿಡಿದು ಹೋಗುವ ಕುಟುಂಬಕ್ಕೆ ದಿನದ ಕೂಲಿ, ಇವೆರಡನ್ನೂ ಮಂಡಳಿಯ ಕ್ರಿಯಾಯೋಜನೆಯಲ್ಲಿ ಬರೆಸೋಣ. ಮೂರು, ಈ ಲೆಕ್ಕ ಶಾಲೆಯ ಎಸ್‌ಡಿಎಂಸಿ ಸಭೆಗೂ ಪಂಚಾಯ್ತಿಯ ಮಕ್ಕಳ ಗ್ರಾಮಸಭೆಗೂ ಬರಲಿ. ಕೊಟ್ಟ ಹಣ ಎಲ್ಲಿ ಹೋಯಿತೆಂದು ಊರಿಗೆ ಗೊತ್ತಿದ್ದರೆ, ಅದನ್ನು ಸದ್ದಿಲ್ಲದೆ ಕಡಿತ ಮಾಡುವುದು ಯಾವ ಕಚೇರಿಗೂ ಸುಲಭವಲ್ಲ.

ಸಂಕಿರಣ ಮುಗಿಯುವ ಹೊತ್ತಿಗೆ ಈ ಮೂರರ ಕರಡು ಮನವಿ ಸಿದ್ಧವಾಗಿರಲಿ. ಬಜೆಟ್ ಪೂರ್ವಸಭೆಗಳಿಗೆ ಮುಂಚೆ ಅದು ಜಿಲ್ಲಾ ಪಂಚಾಯತಿಗೂ ನಮ್ಮ ಶಾಸಕರಿಗೂ ತಲುಪಬೇಕು. ಅದನ್ನು ತಲುಪಿಸುವ ಹೊಣೆ ಇಲ್ಲಿ ಕೂತಿರುವ ನಮ್ಮೆಲ್ಲರದು.