ಹಾಳೆಯ ಆಯಸ್ಸು, ಸಾಲದ ಗಡುವು

(ಮಳವಳ್ಳಿ ತಾಲ್ಲೂಕಿನ ಬ್ಲಫ್‌ನಲ್ಲಿ ಸೇರಿದ್ದ ರೈತರ ಮುಂದೆ ಮಾಡಿದ ಭಾಷಣ)



1902ರಲ್ಲಿ ಇದೇ ಜಾಗದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಕಾವೇರಿ ನೀರು ಬಿದ್ದ ಬಲವನ್ನು ಯೂನಿಟ್ ಲೆಕ್ಕದಲ್ಲಿ ಅಳೆದು ಮಾರುವುದನ್ನು ಬ್ಲಫ್‌ನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಿಸಿಲನ್ನೂ ಅದೇ ಯೂನಿಟ್ಟಿನಲ್ಲಿ ಅಳೀಬಹುದು. ಪ್ಲಾಸ್ಟಿಕ್ ಹಾಳೆ ಕೊಳ್ಳುವ ರೈತ ಇವತ್ತು ಕಲಿಯಬೇಕಾದ ಲೆಕ್ಕ ಅದು.

ಟೊಮೇಟೊ ಸಾಲಿಗೆ ಮಲ್ಚಿಂಗ್ ಶೀಟು, ಪಾಲಿಹೌಸಿಗೆ ಹೊದಿಕೆ, 2014ರಲ್ಲಿ ಶುರುವಾದ ಕೃಷಿ ಭಾಗ್ಯದ ಹೊಂಡಗಳಿಗೆ ಹಾಸು. ಎಲ್ಲಾ ಸಾಲ ತಂದು ಹಾಕ್ತೀವಿ. ಮಾರುವವನು, "ಮೂರು ವರ್ಷ ಏನೂ ಆಗಲ್ಲ ಗೌಡ್ರೆ" ಅಂತಾನೆ. ಯಾವ ದೇಶದ ಬಿಸಿಲಿನಲ್ಲಿ ಮೂರು ವರ್ಷ? ಅದನ್ನು ನಾವು ಕೇಳೋದೇ ಇಲ್ಲ.

ಹಾಲೆಂಡಿನಲ್ಲಿ ಒಂದು ಚದರ ಮೀಟರ್ ಜಾಗಕ್ಕೆ ವರ್ಷಕ್ಕೆ ಬೀಳುವ ಬಿಸಿಲು ಸುಮಾರು 1,000 ಯೂನಿಟ್. ನಮ್ಮ ಮಂಡ್ಯದ ಕಡೆ ಹೆಚ್ಚೂಕಡಿಮೆ 1,900ರಿಂದ 2,000. ಅಲ್ಲಿ ಮೂರು ವರ್ಷ ತಡೆಯುವ ಹಾಳೆ ತಿಂದಿರುವುದು 3,000 ಯೂನಿಟ್. ಅಷ್ಟನ್ನು ಇಲ್ಲಿ ಒಂದೂವರೆ ವರ್ಷಕ್ಕೇ ತಿಂದು ಮುಗಿಸುತ್ತದೆ. ಮೇಲೆ ನಮ್ಮ ಸೆಕೆ ಬೇರೆ.

ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಪ್ಲಾಸ್ಟಿಕ್ಕಿನ ಉದ್ದನೆಯ ಎಳೆಗಳನ್ನು ಕಡಿಯುತ್ತದೆ, ಗಾಳಿಯ ಆಮ್ಲಜನಕ ಅದಕ್ಕೆ ಜೊತೆಯಾಗುತ್ತದೆ. ಇದನ್ನು ತಡೆಯಲು ಹಾಳೆಗೆ ಔಷಧ ಬೆರೆಸಿರುತ್ತಾರೆ. ನಾವು ಬೂದಿರೋಗಕ್ಕೆ ಹೊಡೆಯುವ ಗಂಧಕ ಆ ಔಷಧವನ್ನೇ ಕೊಲ್ಲುತ್ತದೆ. ಕಾದ ಕಬ್ಬಿಣದ ಪೈಪು ತಗಲುವ ಜಾಗ ಮೊದಲು ಹರಿಯುತ್ತದೆ. ಹೊಂಡದಲ್ಲಿ ನೀರಿನ ಮೇಲೆ ಬಿಸಿಲಿಗೆ ಬಿದ್ದ ಅಂಚೇ ಮೊದಲು ಸೀಳುವುದು. ಕಪ್ಪು ಹಾಳೆ ತಡೆಯುವುದು ಅದರೊಳಗಿನ ಇಂಗಾಲದ ಮಸಿಯಿಂದ.

ಕಂಪನಿಯವರು ಕ್ಸೆನಾನ್ ದೀಪದ ಕೆಳಗೆ ಹಾಳೆ ಇಟ್ಟು, ವರ್ಷಗಳ ಬಿಸಿಲನ್ನು ತಿಂಗಳುಗಳಲ್ಲಿ ತಿನ್ನಿಸಿ ಆಯಸ್ಸು ಅಂದಾಜು ಮಾಡ್ತಾರೆ. ಪರೀಕ್ಷೆ ಸುಳ್ಳಲ್ಲ. ಆದರೆ ಆ ಕೋಣೆಯಲ್ಲಿ ನಿಮ್ಮ ಗಂಧಕ, ನಿಮ್ಮ ಪೈಪು, ಆಷಾಢದ ಗಾಳಿ ಇರೋದಿಲ್ಲ.

ಆದ್ದರಿಂದ ಪರೀಕ್ಷೆ ನೀವೂ ಮಾಡಿ. ಕೊಂಡ ದಿನವೇ ಒಂದು ಮೊಳ ಹಾಳೆ ಕತ್ತರಿಸಿ, ತಾರೀಖು ಬರೆದು, ಕತ್ತಲೆ ಪೆಟ್ಟಿಗೆಯಲ್ಲಿಡಿ. ಜೊತೆಗೆ ಅದೇ ಹಾಳೆಯ ತುಂಡೊಂದನ್ನು ಪಾಲಿಹೌಸಿನ ಮೇಲೆ ಬಿಸಿಲಿಗೆ ಕಟ್ಟಿ. ಆರು ತಿಂಗಳಿಗೊಮ್ಮೆ ಎರಡರಿಂದಲೂ ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ಒಂದೇ ಅಳತೆಗೆ ಗುರುತು ಹಾಕಿ, ನಿಧಾನವಾಗಿ ಎಳೀರಿ. ಬಿಸಿಲಿನ ಪಟ್ಟಿ ಹರಿಯುವ ಮುನ್ನ ಹೊಸದರ ಅರ್ಧದಷ್ಟೂ ಹಿಗ್ಗದಿದ್ದರೆ ಹಾಳೆಯ ಆಯಸ್ಸು ಮುಗಿಯಿತು. ಪ್ರಯೋಗಾಲಯದವರ ಗೆರೆಯೂ ಅರ್ಧವೇ.

ಇನ್ನು ಸಾಲದ ಮಾತು. ಹಾಳೆಗೆ 60,000 ರೂಪಾಯಿ, ಕಂತು ಐದು ವರ್ಷ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 12,000 ಅಂತ ಲೆಕ್ಕ ಹಾಕಿರ್ತೀರಿ. ಮೂರೇ ವರ್ಷಕ್ಕೆ ಹರಿದರೆ ವರ್ಷಕ್ಕೆ 20,000 ಬಿತ್ತು, ಬಡ್ಡಿ ಬೇರೆ. ಹಾಳೆ ತಿಪ್ಪೆ ಸೇರಿದ ಮೇಲೂ ಎರಡು ವರ್ಷ ಕಂತು ಕಟ್ಟಬೇಕು, ಹೊಸ ಹಾಳೆಗೆ ಹೊಸ ಸಾಲ. ಈ ಸವೆತವನ್ನು ನಮ್ಮ ಬೆಳೆಯ ಉತ್ಪಾದನಾ ವೆಚ್ಚದಲ್ಲಿ ಯಾರು ಸೇರಿಸ್ತಾರೆ? ಮಂಡಿಯವನಂತೂ ಸೇರಿಸಲ್ಲ.

ನಮ್ಮ ಬೇಡಿಕೆ ನಾಲ್ಕು. ಬಿಲ್ಲಿನಲ್ಲಿ ಮೈಕ್ರಾನ್, ಬಾಳಿಕೆಯ ತಿಂಗಳು, ಅದು ಎಷ್ಟು ಬಿಸಿಲಿನ ಲೆಕ್ಕ ಎಂಬುದು ಬರೆದಿರಬೇಕು. ಸಾಲದ ಗಡುವು ಹಾಳೆಯ ಆಯಸ್ಸಿಗೆ ಹೊಂದಬೇಕು. ಮೊದಲೇ ಹರಿದರೆ ಮಾರಿದವನು ಭರಿಸಬೇಕು. ಬೆಲೆ ಕಟ್ಟುವಾಗ ಹಾಳೆಯ ಸವೆತವೂ ಸೇರಬೇಕು.

ಬಾಯಿಮಾತಿನ ಗ್ಯಾರಂಟಿಗೆ ಪಹಣಿ ಒತ್ತೆ ಇಡಬೇಡಿ. ಬಿಲ್ಲು ಕೇಳಿ, ತುಂಡು ಉಳಿಸಿ, ಲೆಕ್ಕ ಬರೀರಿ. ನಾಳೆ ನ್ಯಾಯ ಕೇಳುವಾಗ ಕೈಯಲ್ಲಿ ಅದಿರಬೇಕು.