ಕಲ್ಲುಗಾಣ: ಎಣ್ಣೆ ಹಿಂಡಿದ ಯಂತ್ರ, ಅಕ್ಷರ ಹೊತ್ತ ಕಲ್ಲು

ಹೆಗ್ಗಡದೇವನಕೋಟೆ ತಾಲ್ಲೂಕನ್ನೂ ಒಳಗೊಂಡ ಹಳೇ ಮೈಸೂರು ಸೀಮೆಯಲ್ಲಿ ಎಳ್ಳು, ಹುಚ್ಚೆಳ್ಳು, ಹರಳುಗಳಿಂದ ಎಣ್ಣೆ ತೆಗೆಯುತ್ತಿದ್ದ ಸಾಧನವೇ ಗಾಣ; ಹಾಲೆಂಡಿನ ಗಿರಣಿಗೆ ಗಾಳಿ ಹೇಗೋ ಇದಕ್ಕೆ ಎತ್ತು ಹಾಗೆ.

ನೆಲದಲ್ಲಿ ಹೂತು ನಿಲ್ಲಿಸಿದ ಕಲ್ಲಿನ ಒರಳು, ಅದರೊಳಗೆ ಓರೆಯಾಗಿ ನಿಲ್ಲುವ ಮರದ ಒನಕೆ, ಒನಕೆಯನ್ನು ಎತ್ತಿನ ನೊಗಕ್ಕೆ ಜೋಡಿಸುವ ಅಡ್ಡಮರ, ಇವು ಗಾಣದ ಮುಖ್ಯ ಅಂಗಗಳು. ಅಡ್ಡಮರದ ಮೇಲೆ ಭಾರಕ್ಕೆಂದು ಕಲ್ಲು ಹೇರುತ್ತಿದ್ದರು, ಕೆಲವೊಮ್ಮೆ ಗಾಣಿಗನೇ ಕೂರುತ್ತಿದ್ದನು. ಎತ್ತು ಸುತ್ತಿದಂತೆಲ್ಲ ಒನಕೆಯು ಬೀಜವನ್ನು ಒರಳಿನ ಒಳಮೈಗೆ ಒತ್ತಿ ಅರೆಯುತ್ತಿತ್ತು. ನಡುವೆ ಚಿಮುಕಿಸುವ ನೀರಿನ ಹದದಲ್ಲೇ ಗಾಣಿಗನ ಕಸುಬು ಅಡಗಿತ್ತು, ಏಕೆಂದರೆ ಆ ತೇವದಿಂದಲೇ ಹಿಂಡಿ, ಅಂದರೆ ಎಣ್ಣೆ ಬಿಟ್ಟ ಬೀಜದ ಶೇಷ, ಗಟ್ಟಿಯಾಗಿ ಕೂಡಿಕೊಂಡು ಎಣ್ಣೆ ಬೇರೆಯಾಗುತ್ತಿತ್ತು. ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ವಿಜ್ಞಾನಿ ಕೆ.ಟಿ. ಅಚ್ಚಯ ಅವರು 1993ರಲ್ಲಿ ಭಾರತದ ಗಾಣಗಳ ಬಗೆಗೇ ಒಂದು ಪುಸ್ತಕ ಪ್ರಕಟಿಸಿದರು.

ಗಾಣದ ಚರಿತ್ರೆ ಹೆಚ್ಚಾಗಿ ಉಳಿದಿರುವುದು ಶಾಸನಗಳಲ್ಲಿ. ದೇವಾಲಯದ ನಂದಾದೀಪಕ್ಕೆ ಗಾಣವೊಂದಕ್ಕೆ ಇಷ್ಟು ಸೊಲ್ಲಗೆ ಎಣ್ಣೆಯೆಂದು ದತ್ತಿ ಬಿಡುತ್ತಿದ್ದರು (ಸೊಲ್ಲಗೆ ಎಂಬುದು ಅಳತೆಯ ಹೆಸರು). ಗಾಣದೆರೆ ಎಂಬ ತೆರಿಗೆಯೂ ಇತ್ತು. ಎಣ್ಣೆಯವರ ಸಂಘಟನೆಯನ್ನು ಶಾಸನಗಳು ತೆಲ್ಲಿಗರ ಐವತ್ತೊಕ್ಕಲು ಎಂದು ಕರೆಯುತ್ತವೆ. ಇನ್ನು ಕೆಲವೆಡೆ ಗಾಣದ ಬಾಯಂಚಿನಲ್ಲೇ ಅದನ್ನು ಮಾಡಿಸಿದವರ ಹೆಸರು ಕೊರೆದಿರುತ್ತದೆ. ಅರಸರ ಬಿರುದಾವಳಿಗಿಂತ ಈ ಕಿರುಬರಹವೇ ಊರಿನ ಬಾಳಿಗೆ ಹತ್ತಿರದ್ದು. ಹೆಗ್ಗಡದೇವನಕೋಟೆಯ ಶಾಸನಗಳನ್ನು ಬಿ.ಎಲ್. ರೈಸ್ 1898ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಪ್ರಕಟಿಸಿದರು.

ವಿದ್ಯುತ್ ಗಿರಣಿ ಬಂದ ಮೇಲೆ ಗಾಣದ ಮರ ಸೌದೆಯಾಯಿತು, ಕಲ್ಲು ದನಕ್ಕೆ ನೀರಿಡುವ ತೊಟ್ಟಿಯೋ ತೋಟದ ಕುಂಡವೋ ಆಯಿತು. 1958ರ ಕೇಂದ್ರ ಪ್ರಾಚ್ಯಸ್ಮಾರಕ ಕಾಯ್ದೆಯ ವ್ಯಾಖ್ಯೆಯಲ್ಲಿ ನೂರು ವರ್ಷ ದಾಟಿದ ಶಾಸನಗಳೂ ಏಕಶಿಲೆಗಳೂ ಸೇರುತ್ತವೆಯಾದರೂ, ರಾಷ್ಟ್ರೀಯ ಮಹತ್ವದ್ದೆಂದು ಘೋಷಣೆಯಾಗದ ಕಲ್ಲಿಗೆ ಆ ಕಾಯ್ದೆಯ ರಕ್ಷಣೆ ದೊರೆಯದು. ಅಂಥ ಕಲ್ಲನ್ನು ಎತ್ತಿ ಸಾಗಿಸಿದರೆ ಅದು ಯಾವ ಕೇರಿಯ, ಯಾವ ಗುಡಿಯ ದೀಪದ ಗಾಣವೆಂಬ ಸುಳಿವು ಅಳಿಯುತ್ತದೆ. ಅಂದಕ್ಕೆಂದು ಬಣ್ಣ ಬಳಿದರೆ ಅಕ್ಷರದ ಗೀರುಗಳು ತುಂಬಿಹೋಗುತ್ತವೆ.

ಹಾಲೆಂಡಿನ ಕಿಂಡರ್‌ಡೈಕ್‌ನ ಹತ್ತೊಂಬತ್ತು ಗಾಳಿಗಿರಣಿಗಳು 1997ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಗಿರಣಿ ನಡೆಸುವವರ ಕಸುಬಿಗೆ ಅಮೂರ್ತ ಪರಂಪರೆಯ ಮನ್ನಣೆ ಸಿಕ್ಕಿದ್ದು 2017ರಲ್ಲಿ. ಕಲ್ಲುಗಾಣದ ಮಟ್ಟಿಗೆ ಈ ಎರಡನೆಯ ಕೆಲಸವೇ ಮೊದಲು ಆಗಬೇಕಾದದ್ದು: ಕಲ್ಲು ಇನ್ನೂ ಶತಮಾನಗಳು ಕಾಯಬಲ್ಲದು, ಒನಕೆಯ ಅಳತೆಯನ್ನೂ ನೀರಿನ ಹದವನ್ನೂ ಬಲ್ಲ ಗಾಣಿಗರು ಈಗಾಗಲೇ ವಯಸ್ಸಾದವರು.