ಬೆಂಕಿಯನ್ನು ಹಿಡಿದಿಡುವ ಅಂಟು

(ವಿದ್ಯಾರ್ಥಿಗಳ ವಿಜ್ಞಾನ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ದೀಪಾವಳಿಯಲ್ಲಿ ಹೂಕುಂಡ ಹಚ್ಚದವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ಒಂದು ಹೂಕುಂಡ ಚಂದವಾಗಿ ಕಿಡಿ ಚೆಲ್ಲುತ್ತದೆ. ಅದೇ ಪೆಟ್ಟಿಗೆಯ ಇನ್ನೊಂದು ಢಮಾರೆಂದು ಒಡೆದು ಹಚ್ಚಿದವರ ಕೈ ಸುಡುತ್ತದೆ. ಮದ್ದು ಒಂದೇ, ಕುಡಿಕೆಯೂ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು?

ಊದುಬತ್ತಿಯನ್ನು ನೆನೆಯಿರಿ. ತುದಿಗೆ ಹಚ್ಚಿದರೆ ಅದು ನಿಧಾನವಾಗಿ, ಒಂದೇ ವೇಗದಲ್ಲಿ ಉರಿಯುತ್ತದೆ. ಅದನ್ನೇ ಹತ್ತು ತುಂಡು ಮಾಡಿ ಎಲ್ಲಕ್ಕೂ ಒಟ್ಟಿಗೆ ಹಚ್ಚಿದರೆ ಹತ್ತು ಪಟ್ಟು ಹೊಗೆ ಬರುತ್ತದೆ. ಎಷ್ಟು ಹೊಗೆ ಎಂಬುದನ್ನು ತೀರ್ಮಾನಿಸುವುದು ಬತ್ತಿಯ ತೂಕವಲ್ಲ, ಒಂದೇ ಸಲಕ್ಕೆ ಉರಿಯುವ ಮೇಲ್ಮೈ. ಹೂಕುಂಡದ ಮದ್ದು ಬಿಗಿಯಾಗಿ ಕೂತಿದ್ದರೆ ಬೆಂಕಿ ಪದರ ಪದರವಾಗಿ ಇಳಿಯುತ್ತದೆ. ಮದ್ದು ಸಡಿಲವಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಬೆಂಕಿ ಬಿರುಕಿನೊಳಗೆ ನುಗ್ಗಿ ಎಲ್ಲ ಕಡೆಯಿಂದ ಒಮ್ಮೆಲೇ ಹತ್ತಿಕೊಳ್ಳುತ್ತದೆ. ಹೊರಬರಲು ದಾರಿ ಸಾಲದ ಅನಿಲ ಕುಡಿಕೆಯನ್ನೇ ಒಡೆಯುತ್ತದೆ.

ರಾಕೆಟ್ಟಿನ ಮೋಟಾರೂ ಇದೇ ನಿಯಮಕ್ಕೆ ಒಳಪಟ್ಟಿದೆ. ಅಲ್ಲಿ ಇನ್ನೊಂದು ತೊಡಕೂ ಇದೆ. ಒತ್ತಡ ಹೆಚ್ಚಿದಂತೆ ಘನ ಇಂಧನ ಇನ್ನಷ್ಟು ವೇಗವಾಗಿ ಉರಿಯುತ್ತದೆ. ವೇಗವಾಗಿ ಉರಿದಂತೆ ಒತ್ತಡ ಇನ್ನೂ ಏರುತ್ತದೆ. ಆದ್ದರಿಂದ ರಾಕೆಟ್ ಕಟ್ಟುವವನಿಗೆ ಯಾವ ಮೈ ಉರಿಯಬೇಕು ಎಂಬುದರಷ್ಟೇ, ಯಾವ ಮೈ ಉರಿಯಕೂಡದು ಎಂಬುದೂ ಮುಖ್ಯ. ಇಂದು ನಾನು ಹೇಳಹೊರಟಿರುವುದು ಆ ಎರಡನೆಯ ಮೈಯ ಕಥೆ.

ಈ ಕಥೆಯ ಮೊದಲ ಪುಟ ನಮ್ಮ ನಾಡಿನದು. ಹೈದರಾಲಿ ಮತ್ತು ಟಿಪ್ಪುವಿನ ಕಾಲದ ಮೈಸೂರು ರಾಕೆಟ್ಟುಗಳಲ್ಲಿ ಮದ್ದನ್ನು ಕಬ್ಬಿಣದ ಕೊಳವೆಯಲ್ಲಿ ತುಂಬುತ್ತಿದ್ದರು. ಕಾಗದ, ಬಿದಿರಿಗಿಂತ ಕಬ್ಬಿಣ ಹೆಚ್ಚು ಒತ್ತಡ ತಡೆಯುತ್ತದೆ. ರಾಕೆಟ್ಟು ಹೆಚ್ಚು ದೂರ ಹಾರುತ್ತದೆ. 1780ರ ಪೊಳ್ಳಿಲೂರು ಯುದ್ಧದಲ್ಲಿ ಇವುಗಳ ಹೊಡೆತ ತಿಂದ ಇಂಗ್ಲಿಷರು 1799ರ ನಂತರ ಮಾದರಿಗಳನ್ನು ತಮ್ಮ ದೇಶಕ್ಕೆ ಒಯ್ದರು. ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ರೂಪಿಸಿದ್ದು ಆ ಬಳಿಕ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಳೆಯ ಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಇಂಥ ಕೊಳವೆಗಳು ಸಿಕ್ಕಿದ್ದನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಕೊಳವೆ ಗಟ್ಟಿಯಾಯಿತು. ಆದರೆ ಕೊಳವೆಗೂ ಮದ್ದಿಗೂ ನಡುವಿನ ಸಂದಿಯ ಸಮಸ್ಯೆಗೆ ಉತ್ತರ ಸಿಗಲು ಇಪ್ಪತ್ತನೆಯ ಶತಮಾನ ಬರಬೇಕಾಯಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ, ಓಡುದಾರಿ ಸಾಲದೆ ಹೋದ ವಿಮಾನಗಳನ್ನು ಮೇಲೆತ್ತಲು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಾಕೆಟ್ ಪ್ರಯೋಗಗಳು ನಡೆದವು. ಒತ್ತಿ ತುಂಬಿದ ಮದ್ದು ಬಿರುಕು ಬಿಟ್ಟು ಮೋಟಾರುಗಳು ಸಿಡಿಯುತ್ತಿದ್ದವು. 1942ರಲ್ಲಿ ಜಾಕ್ ಪಾರ್ಸನ್ಸ್ ರಸ್ತೆಗೆ ಹಾಕುವ ಡಾಂಬರಿನ ಜಾತಿಯ ವಸ್ತುವನ್ನು ಕರಗಿಸಿ, ಉತ್ಕರ್ಷಕದೊಂದಿಗೆ ಬೆರೆಸಿ ಕೊಳವೆಗೆ ಎರಕ ಹೊಯ್ದರು. ಇದು ದೊಡ್ಡ ಹೆಜ್ಜೆ. ಆದರೆ ಡಾಂಬರು ಬಿಸಿಲಿಗೆ ಮೆತ್ತಗಾಗಿ, ಚಳಿಗೆ ಬಿರುಕು ಬಿಡುತ್ತಿತ್ತು. ಕೆಲವೇ ವರ್ಷಗಳಲ್ಲಿ ಅಲ್ಲಿನ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ಚಾರ್ಲ್ಸ್ ಬಾರ್ಟ್ಲಿ, ಥಯೋಕಾಲ್ ಕಂಪನಿಯ ಕೃತಕ ರಬ್ಬರನ್ನು ಬಳಸಿದರು. ದ್ರವವಾಗಿ ಹೊಯ್ದರೆ ಅದು ಗಟ್ಟಿಯಾಗಿ ಲೋಹದ ಗೋಡೆಗೇ ಅಂಟಿ ಕೂರುತ್ತಿತ್ತು. ಕೊಳವೆ ಹಿಗ್ಗಿದರೆ ತಾನೂ ಹಿಗ್ಗುತ್ತಿತ್ತು.

ಇದರ ಲಾಭ ನೋಡಿ. ಗೋಡೆಗೆ ಅಂಟಿದ ಹೊರಮೈಗೆ ಬೆಂಕಿ ತಗಲುವುದಿಲ್ಲ. ನಡುವಿನ ತೂತಿನಲ್ಲಿ ಹತ್ತಿದ ಬೆಂಕಿ ಒಳಗಿನಿಂದ ಹೊರಕ್ಕೆ ಉರಿಯುತ್ತಾ ಬರುತ್ತದೆ. ಕೊನೆಯ ಗಳಿಗೆಯವರೆಗೂ ಇಂಧನವೇ ಗೋಡೆಯನ್ನು ಶಾಖದಿಂದ ಕಾಯುತ್ತದೆ. ನಮ್ಮ ಪಿಎಸ್‌ಎಲ್‌ವಿಯ ಮೊದಲ ಹಂತದಲ್ಲಿರುವ ಸುಮಾರು 139 ಟನ್ ಘನ ಇಂಧನವೂ ಹೀಗೆ ರಬ್ಬರಿನಲ್ಲಿ ಬೆರೆಸಿ, ಎರಕ ಹೊಯ್ದು, ಕವಚಕ್ಕೆ ಅಂಟಿಸಿದ್ದೇ.

ಈಗ ಅಮೆರಿಕದ ಹವ್ಯಾಸಿಗಳ ಮೇಜಿಗೆ ಬರೋಣ. ನೆವಾಡಾದ ಬ್ಲ್ಯಾಕ್ ರಾಕ್ ಎಂಬ ಒಣಸರೋವರದ ಬಯಲಿನಲ್ಲಿ ಅವರು ಆಳೆತ್ತರ ಮೀರಿದ ರಾಕೆಟ್ಟುಗಳನ್ನು ಹಾರಿಸುತ್ತಾರೆ. ಅವರ ಮೋಟಾರುಗಳಿಗೆ ಅಕ್ಷರಗಳ ಶ್ರೇಣಿಯಿದೆ. ಪ್ರತಿ ಅಕ್ಷರಕ್ಕೂ ಶಕ್ತಿಯ ಮೇಲ್ಮಿತಿ ಇಮ್ಮಡಿಯಾಗುತ್ತದೆ. 'ಎಚ್'ನಿಂದ ಮೇಲಿನದನ್ನು ಹಾರಿಸಲು ಸಂಘದ ಪ್ರಮಾಣಪತ್ರ ಬೇಕು. 'ಎಂ' ಮತ್ತು ಅದಕ್ಕೂ ಮೇಲಿನದಕ್ಕೆ ಮೂರನೆಯ, ಅಂದರೆ ಅತಿ ಎತ್ತರದ ದರ್ಜೆಯ ಪ್ರಮಾಣಪತ್ರವೇ ಆಗಬೇಕು.

ಇಂಧನ ಕಾರ್ಖಾನೆಯಿಂದಲೇ ಸಿದ್ಧವಾಗಿ ಬರುತ್ತದೆ. ನಡುವೆ ತೂತಿರುವ ದಪ್ಪ ಉರುಳೆಗಳು. ಅವುಗಳಿಗೆ 'ಗ್ರೇನ್' ಎಂದು ಹೆಸರು. ಒಂದರ ಮೇಲೊಂದರಂತೆ ಇವನ್ನು ಶಾಖ ತಡೆಯುವ ಒಳಕೊಳವೆಯಲ್ಲಿಟ್ಟು, ಅದನ್ನು ಅಲ್ಯೂಮಿನಿಯಂ ಕವಚಕ್ಕೆ ಸೇರಿಸುತ್ತಾರೆ. ಪ್ರತಿ ಗ್ರೇನ್ ತೂತಿನ ಒಳಮೈಯಲ್ಲೂ ಎರಡು ತುದಿಗಳಲ್ಲೂ ಉರಿಯಬೇಕು. ತೂತು ಅಗಲವಾದಂತೆ ಉರಿಯುವ ಮೈ ಹೆಚ್ಚುತ್ತದೆ, ತುದಿಗಳು ಸವೆದು ಉದ್ದ ಕಡಿಮೆಯಾದಂತೆ ಅದು ತಗ್ಗುತ್ತದೆ. ಎರಡೂ ಒಂದನ್ನೊಂದು ಸರಿದೂಗಿಸಿ ಒತ್ತಡ ಹೆಚ್ಚು ಏರಿಳಿಯದಂತೆ ನೋಡಿಕೊಳ್ಳುತ್ತವೆ.

ಸಣ್ಣ ಮೋಟಾರುಗಳಲ್ಲಿ ಗ್ರೇನುಗಳನ್ನು ಸುಮ್ಮನೆ ಜಾರಿಸಿಟ್ಟರೆ ಸಾಕು. ಹಲವು ದೊಡ್ಡ ಮೋಟಾರುಗಳಲ್ಲಿ ಅವನ್ನು ಒಳಕೊಳವೆಗೆ ಅಂಟಿಸಲೇಬೇಕೆಂದು ತಯಾರಕರೇ ಸೂಚಿಸುತ್ತಾರೆ. ಬೆಂಕಿ ಬೆನ್ನ ಹಿಂದೆ ನುಸುಳಬಾರದು ಎಂಬುದು ಒಂದು ಕಾರಣ. ರಾಕೆಟ್ ಚಿಮ್ಮಿದಾಗ ಭಾರವಾದ ಗ್ರೇನುಗಳು ಕೆಳಕ್ಕೆ ಕುಸಿಯಬಾರದು ಎಂಬುದು ಇನ್ನೊಂದು. ಕುಸಿದು ಮುರಿದ ತುಂಡು ಅನಿಲ ಹೊರಬೀಳುವ ಬಾಯಿಗೆ ಅಡ್ಡ ಬಂದರೆ, ತೂತು ಮುಚ್ಚಿದ ಕುಕ್ಕರಿನ ಗತಿಯೇ ಮೋಟಾರಿಗೂ.

ಅಂಟು ನಮ್ಮ ಬಡಗಿಗಳು ಬಳಸುವ ಅರಾಲ್ಡೈಟ್ ಜಾತಿಯದು. ಅದನ್ನು ತೆಳುವಾಗಿ, ಎಲ್ಲೂ ಬಿಡದಂತೆ ಸವರಬೇಕು. ಗ್ರೇನನ್ನು ತಿರುಗಿಸುತ್ತಾ ಒಳಗೆ ನೂಕಬೇಕು. ಹೆಚ್ಚಾದದ್ದನ್ನು ಒರೆಸಿ ತೆಗೆಯಬೇಕು. ತುದಿಗೆ ಅಂಟು ಮೆತ್ತಿದರೆ ಉರಿಯಬೇಕಾದ ಮೈಯೇ ಉರಿಯದೆ ಹೋಗುತ್ತದೆ. ಆಮೇಲೆ ಅಂಟು ಪೂರ್ತಿ ಗಟ್ಟಿಯಾಗುವವರೆಗೆ ಕಾಯಬೇಕು. ಎರಡೂ ಕೊನೆಗಳಲ್ಲಿ ಕುಕ್ಕರಿನ ಗ್ಯಾಸ್ಕೆಟ್ಟಿನಂಥ ರಬ್ಬರ್ ಉಂಗುರಗಳನ್ನು ಗ್ರೀಸು ಹಚ್ಚಿ ಕೂರಿಸಬೇಕು. ಕಣ್ಣಿಗೆ ಬೀಳದ ಕೆಲಸವಿದು. ಒಮ್ಮೆ ಮುಚ್ಚಿದ ಮೇಲೆ ಒಳಗೆ ಸಂದಿ ಉಳಿದಿದೆಯೇ ಎಂದು ನೋಡಲು ಬಯಲಲ್ಲಿ ನಿಂತವನಿಗೆ ಉಪಾಯವಿಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಮಾತೇಕೆ ಎನ್ನುತ್ತೀರಾ? 1986ನ್ನು ನೆನೆಯಿರಿ. ಜನವರಿ 28ರಂದು ಚಾಲೆಂಜರ್ ನೌಕೆ ಏಳು ಮಂದಿಯೊಡನೆ ನಾಶವಾಯಿತು. ಕಾರಣ, ಚಳಿಗೆ ಬಿರುಸಾದ ರಬ್ಬರ್ ಉಂಗುರ. ಅದೇ ವರ್ಷ ಏಪ್ರಿಲ್ 18ರಂದು ಕ್ಯಾಲಿಫೋರ್ನಿಯಾದ ವ್ಯಾಂಡೆನ್‌ಬರ್ಗ್‌ನಲ್ಲಿ ಟೈಟಾನ್ ರಾಕೆಟ್ಟು ಮೇಲೆದ್ದ ಎಂಟು ಸೆಕೆಂಡುಗಳ ನಂತರ ಸಿಡಿಯಿತು. ತನಿಖೆ ತೋರಿಸಿದ ಕಾರಣ, ಘನ ಇಂಧನದ ಮೋಟಾರಿನಲ್ಲಿ ಶಾಖರಕ್ಷಕ ಪದರ ಉಕ್ಕಿನ ಕವಚದಿಂದ ಬಿಟ್ಟುಕೊಂಡಿದ್ದು. ನೂರಾರು ಎಂಜಿನಿಯರುಗಳಿದ್ದ ಕಡೆಯೂ ಅಂಟು ಬಿಟ್ಟ ಜಾಗ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಕೊನೆಯದಾಗಿ, ಈ ಹವ್ಯಾಸ ಹುಟ್ಟಿದ್ದೇ ಮಕ್ಕಳ ಬೆರಳು ಉಳಿಸಲು ಎಂಬುದು ನೆನಪಿರಲಿ. 1950ರ ದಶಕದಲ್ಲಿ ಮನೆಯಲ್ಲೇ ಮದ್ದು ಕಲಸಿ ಕೊಳವೆಗೆ ತುಂಬಿದ ಅಮೆರಿಕದ ಹುಡುಗರು ಕೈ, ಕಣ್ಣು, ಪ್ರಾಣ ಕಳೆದುಕೊಳ್ಳುತ್ತಿದ್ದರು. ನೆಬ್ರಾಸ್ಕದ ನಾರ್ಫೋಕ್ ಊರಿನಲ್ಲಿ ಪಾದರಕ್ಷೆ ಅಂಗಡಿ ಇಟ್ಟುಕೊಂಡಿದ್ದ ಆರ್ವಿಲ್ ಕಾರ್ಲೈಲ್ ಸಿದ್ಧ ಮೋಟಾರಿನ ಪುಟ್ಟ ರಾಕೆಟ್ ರೂಪಿಸಿ, 1957ರಲ್ಲಿ ರಾಕೆಟ್ ಎಂಜಿನಿಯರ್ ಹ್ಯಾರಿ ಸ್ಟೈನ್ ಅವರಿಗೆ ಕಳಿಸಿದರು. ಮಕ್ಕಳು ಮದ್ದು ಮುಟ್ಟಕೂಡದು, ಮೋಟಾರು ಸಿದ್ಧವಾಗಿಯೇ ಬರಬೇಕು ಎಂಬ ನಿಯಮ ಬೇರೂರಿದ್ದು ಅಲ್ಲಿಂದ.

ನಮ್ಮಲ್ಲಿ ಪರವಾನಗಿ ಇಲ್ಲದೆ ಸ್ಫೋಟಕ ತಯಾರಿಸುವುದು 1884ರ ಸ್ಫೋಟಕ ಕಾಯಿದೆಯಂತೆ ಅಪರಾಧ. ಕಾನೂನಿನ ಮಾತು ಬದಿಗಿರಲಿ. ಪಟಾಕಿ ಬಿಚ್ಚಿ ಮದ್ದನ್ನು ಕೊಳವೆಗೆ ತುಂಬಿ ನೋಡೋಣ ಎಂದು ನಿಮ್ಮಲ್ಲಿ ಯಾರಿಗಾದರೂ ಅನಿಸಿದರೆ, ಒಂದು ಪ್ರಶ್ನೆ ಕೇಳಿಕೊಳ್ಳಿ: ಇದರಲ್ಲಿ ಉರಿಯಕೂಡದ ಮೈ ಯಾವುದು, ಅದನ್ನು ಕಾಯುವವರು ಯಾರು? ಉತ್ತರ ಗೊತ್ತಿಲ್ಲದವನ ಕೈಯಲ್ಲಿರುವುದು ರಾಕೆಟ್ಟಲ್ಲ, ಒಡೆಯಲು ಕಾದಿರುವ ಹೂಕುಂಡ. ನೀರಿನ ರಾಕೆಟ್ಟಿನಿಂದ ಶುರುಮಾಡಿ. ಒತ್ತಡ, ಬಿಗಿ, ಸೋರಿಕೆ ಎಲ್ಲವನ್ನೂ ಅದು ಬೆಂಕಿಯಿಲ್ಲದೆ ಕಲಿಸುತ್ತದೆ. ನಿಧಾನವಾಗಿ ಕಲಿಯಿರಿ. ಅಂಟು ಒಣಗಲು ಕಾಯಬಲ್ಲವನೇ ಒಳ್ಳೆಯ ರಾಕೆಟ್ ಕಟ್ಟಬಲ್ಲ.